ತುರಿಕೆಯೆಂದು ಕಳೆದ ಹತ್ತು ತಿಂಗಳು: ನನ್ನ ಪ್ಯಾಜೆಟ್ ಕಾಯಿಲೆ ಪತ್ತೆಯಾದ ಬಗೆ

ಹೋದ ವರ್ಷದ ಗಣೇಶನ ಹಬ್ಬದ ವಾರದಲ್ಲಿ ನನ್ನ ಎಡಗಡೆಯ ಮೊಲೆತೊಟ್ಟಿನಲ್ಲಿ ತುರಿಕೆ ಶುರುವಾಯಿತು. ಅದು ಸ್ತನ ಕ್ಯಾನ್ಸರಿನ ಒಂದು ಅಪರೂಪದ ಬಗೆ ಎಂದು ಬರೆದ ವರದಿ ನನ್ನ ಕೈಗೆ ಬಂದದ್ದು ಈ ವರ್ಷದ ಜೂನ್ ಕೊನೆಯಲ್ಲಿ. ನಡುವಿನ ಹತ್ತು ತಿಂಗಳಲ್ಲಿ ನಾನು ನಾಲ್ಕು ಮಂದಿ ವೈದ್ಯರನ್ನು ಕಂಡೆ. ಆ ಕಾಲದ ಬಹುಭಾಗ ಕಳೆದದ್ದು ಮಾತ್ರ ಯಾವ ವೈದ್ಯರ ಬಾಗಿಲಲ್ಲಿಯೂ ಅಲ್ಲ, ನನ್ನದೇ ಸಂಕೋಚದಲ್ಲಿ ಮತ್ತು ಮೆಡಿಕಲ್ ಸ್ಟೋರಿನ ಒಂದು ಟ್ಯೂಬಿನಲ್ಲಿ. ಇದೇ ದಾರಿಯ ಮೊದಲ ತಿರುವಿನಲ್ಲಿ ಈಗ ನಿಂತಿರುವ ಹೆಂಗಸರು ಇರಬಹುದು ಎಂಬ ಕಾರಣಕ್ಕೆ, ಹೇಳಲು ಮುಜುಗರವಾಗುವ ಸಂಗತಿಗಳನ್ನೂ ಬಿಡದೆ ಬರೆಯುತ್ತಿದ್ದೇನೆ.

ನಾನು ತಿಪಟೂರಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಉಪಾಧ್ಯಾಯಿನಿ. ವಯಸ್ಸು 51. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇದ್ದದ್ದನ್ನು ನಾನು ಕೇಳಿಲ್ಲ. ಮೊದಲು ತುರಿಕೆಯನ್ನು ರವಿಕೆಯ ಗಂಜಿಯ ಮೇಲೆ ಹಾಕಿದೆ, ಆಮೇಲೆ ಬಟ್ಟೆಯ ಸೋಪಿನ ಮೇಲೆ. ಸೋಪು ಬದಲಾಯಿಸಿದೆ, ಒಳ ಉಡುಪನ್ನೂ ಬದಲಾಯಿಸಿದೆ. ನಮ್ಮದು ತೆಂಗಿನ ತೋಟದ ಮನೆಯಾದ್ದರಿಂದ ಕೊಬ್ಬರಿ ಎಣ್ಣೆಗೆ ಬರವಿಲ್ಲ; ಅರಿಸಿನ ಬೆರೆಸಿ ಹದಿನೈದು ದಿನ ಹಚ್ಚಿದೆ. ತೊಟ್ಟಿನ ತುದಿಯಲ್ಲಿ ತೆಳುವಾದ ಹೊಪ್ಪಳೆ ಏಳುವುದು, ಸ್ನಾನ ಮಾಡುವಾಗ ಉದುರುವುದು, ಎರಡು ದಿನಕ್ಕೆ ಮತ್ತೆ ಕೂರುವುದು ಹೀಗೇ ನಡೆಯುತ್ತಿತ್ತು. ನೋವಿರಲಿಲ್ಲ. ಗಂಟು ಇದೆಯೇ ಎಂದು ಒತ್ತಿ ನೋಡಿಕೊಂಡೆ, ಅದೂ ಇರಲಿಲ್ಲ. ಕ್ಯಾನ್ಸರ್ ಎಂದರೆ ಗಂಟು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಆದ್ದರಿಂದ ಕೈಗೆ ಗಂಟು ಸಿಗದಿದ್ದದ್ದೇ ನನಗೆ ಸಮಾಧಾನವಾಗಿ, ಮುಂದಿನ ಹಲವು ತಿಂಗಳು ಅದೇ ಸಮಾಧಾನ ನನಗೆ ಕೇಡು ಮಾಡಿತು.

ದೀಪಾವಳಿಯ ಹೊತ್ತಿಗೆ ರವಿಕೆಯ ಒಳಗೆ ಹಳದಿ ಬಣ್ಣದ ಸಣ್ಣ ಕಲೆ ಕಾಣಿಸಿಕೊಂಡಿತು. ಆಗ ಮೆಡಿಕಲ್ ಸ್ಟೋರಿಗೆ ಹೋಗಿ, ಚರ್ಮದ ತುರಿಕೆಗೆ ಏನಾದರೂ ಕೊಡಿ ಎಂದೆ. ಎಲ್ಲಿ ತುರಿಕೆ ಎಂದು ಅವರು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. 110 ರೂಪಾಯಿಯ ಒಂದು ಟ್ಯೂಬು ಕೊಟ್ಟರು. ನಾಲ್ಕೇ ದಿನದಲ್ಲಿ ಕೆಂಪು ಇಳಿದು, ಹೊಪ್ಪಳೆ ಬಿದ್ದು, ಚರ್ಮ ನುಣುಪಾಯಿತು. ಹಚ್ಚುವುದನ್ನು ನಿಲ್ಲಿಸಿದ ಹತ್ತು ದಿನಕ್ಕೆ ಎಲ್ಲವೂ ಮರಳಿ ಬಂದು, ಮೊದಲಿಗಿಂತ ಸ್ವಲ್ಪ ಹೆಚ್ಚೇ ಜಾಗ ಹಿಡಿಯಿತು. ಹೀಗೆ ಮೂರು ಟ್ಯೂಬು ಮುಗಿಸಿದೆ. ಆ ಟ್ಯೂಬಿನಲ್ಲಿ ಸ್ಟೀರಾಯ್ಡ್, ಆ್ಯಂಟಿಬಯಾಟಿಕ್ ಮತ್ತು ಫಂಗಸ್ ಔಷಧಿ ಮೂರನ್ನೂ ಬೆರೆಸಿದ್ದರು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಸ್ಟೀರಾಯ್ಡ್ ಮೇಲಿನ ಉರಿಯೂತವನ್ನು ತಗ್ಗಿಸುತ್ತದೆ, ಅಷ್ಟೇ. ಅಡಿಯಲ್ಲಿರುವ ಕೋಶಗಳಿಗೆ ಅದರಿಂದ ಏನೂ ಆಗುವುದಿಲ್ಲ. ಹಾಗಾಗಿ ವಾಸಿಯಾದಂತೆ ಕಾಣುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ಇಂತಹ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಆದರೂ ಚೀಟಿಯಿಲ್ಲದೆ ಕೇಳಿದವಳು ನಾನೇ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಮನೆಯ ವೈದ್ಯರ ಬಳಿಗೆ ಹೋದೆ. ಇಪ್ಪತ್ತು ವರ್ಷದಿಂದ ಪರಿಚಯ, ವಯಸ್ಸಾದವರು, ನನ್ನ ತಂದೆಯ ಸಮಾನ. ಅವರೆದುರು ಕುಳಿತು "ಎದೆಯ ಮೇಲೆ ತುರಿಕೆ ಇದೆ ಡಾಕ್ಟ್ರೇ" ಎಂದೆ. ಹಳಗನ್ನಡ ಕಾವ್ಯವನ್ನು ಪಾಠ ಮಾಡುವಾಗ ಮೊಲೆ ಎಂಬ ಪದವನ್ನು ನಾನು ಎಂದೂ ನುಂಗಿದವಳಲ್ಲ, ಅದು ತಾಯ್ತನದ ಪದವೆಂದು ಮಕ್ಕಳಿಗೆ ತಿಳಿಸಿ ಹೇಳಿದವಳು. ನನ್ನದೇ ದೇಹದ ಬಗ್ಗೆ ಹೇಳಬೇಕಾಗಿ ಬಂದಾಗ ಆ ಪದ ಗಂಟಲಿನಿಂದ ಮೇಲಕ್ಕೆ ಬರಲಿಲ್ಲ. ಎದೆ ಎಂದರೆ ಕುತ್ತಿಗೆಯ ಕೆಳಗಿನಿಂದ ಹೊಟ್ಟೆಯ ಮೇಲಿನವರೆಗೆ ಎಲ್ಲವೂ ಎದೆಯೇ. ಬೆವರಿನಿಂದ ಆದ ಫಂಗಸ್ ಇರಬಹುದೆಂದು ಅವರು ಭಾವಿಸಿದರು, ನನ್ನ ಸಂಕೋಚ ಕಂಡು ತೋರಿಸಿರೆಂದು ಒತ್ತಾಯ ಮಾಡಲಿಲ್ಲ, ಮಾತ್ರೆ ಮತ್ತು ಪೌಡರ್ ಬರೆದುಕೊಟ್ಟರು. ಅವರ ಚೀಟಿಯಲ್ಲಿ ಈಗಲೂ ಎದೆಯ ಚರ್ಮದ ತುರಿಕೆ ಎಂದೇ ಇದೆ. ಅದು ನಾನು ಹೇಳಿದ್ದೇ. ನೀವು ಹೋದಾಗ ದಯವಿಟ್ಟು ಮೊಲೆತೊಟ್ಟು ಎಂದೇ ಹೇಳಿ. ಎಡವೋ ಬಲವೋ ಹೇಳಿ. ನಾಚಿಕೆಯಾದರೆ ಕಾಗದದಲ್ಲಿ ಬರೆದುಕೊಂಡು ಹೋಗಿ ಮೇಜಿನ ಮೇಲಿಡಿ. ಆ ಒಂದು ಪದ ನನ್ನ ಬಾಯಿಂದ ಬಂದಿದ್ದರೆ ಐದು ತಿಂಗಳು ಉಳಿಯುತ್ತಿತ್ತು ಎಂದು ನಾನು ಈಗಲೂ ನಂಬಿದ್ದೇನೆ.

ಮಾತ್ರೆಯಿಂದ ಏನೂ ಆಗಲಿಲ್ಲ. ಫೆಬ್ರವರಿಯಲ್ಲಿ ಒಬ್ಬ ಲೇಡಿ ಡಾಕ್ಟರನ್ನು ಕಂಡೆ. ಅವರು ಎರಡೂ ಸ್ತನಗಳನ್ನೂ ಕಂಕುಳನ್ನೂ ಚೆನ್ನಾಗಿ ಒತ್ತಿ ಪರೀಕ್ಷಿಸಿ, ಗಂಟಿಲ್ಲ ಎಂದರು, ಆದರೂ ಇರಲಿ ಎಂದು ಸ್ತನದ ಎಕ್ಸ್-ರೇ ಆದ ಮ್ಯಾಮೊಗ್ರಾಮ್‌ಗೆ ಬರೆದರು. ತುಮಕೂರಿಗೆ ಹೋಗಿ 1,800 ರೂಪಾಯಿ ಕೊಟ್ಟು ತೆಗೆಸಿದೆ. ವರದಿಯಲ್ಲಿ ಬೈ-ರಾಡ್ಸ್ ಎಂಬ ದರ್ಜೆ 2 ಎಂದಿತ್ತು. ಇದನ್ನು ಓದುವುದು ಹೇಗೆಂದು ನಾನು ಕಲಿತುಕೊಂಡೆ: 1 ಮತ್ತು 2 ಎಂದರೆ ಕ್ಯಾನ್ಸರಿನ ಗುರುತಿಲ್ಲ, 3 ಎಂದರೆ ಬಹುತೇಕ ನಿರಪಾಯಕಾರಿ ಆದರೆ ಕೆಲವು ತಿಂಗಳ ನಂತರ ಮತ್ತೆ ನೋಡಬೇಕು, 4 ಮತ್ತು 5 ಎಂದರೆ ತುಣುಕು ತೆಗೆದು ಪರೀಕ್ಷಿಸಲೇಬೇಕು, 0 ಎಂದರೆ ಇನ್ನಷ್ಟು ಚಿತ್ರಗಳು ಬೇಕು. ನನ್ನದು 2 ಎಂದು ತಿಳಿದ ದಿನ ಮನೆಯಲ್ಲಿ ಹೋಳಿಗೆ ಮಾಡಿದೆವು. ಆ ವರದಿಯ ಕೊನೆಯಲ್ಲಿ, ರೋಗಲಕ್ಷಣಗಳೊಂದಿಗೆ ಹೋಲಿಸಿ ನೋಡಿ ಎಂಬ ಒಂದು ಸಾಲು ಇತ್ತು. ಎಲ್ಲ ವರದಿಗಳಲ್ಲೂ ಇರುವ ಮಾತೆಂದು ಅದನ್ನು ದಾಟಿಬಿಟ್ಟೆ. ನನ್ನ ಲಕ್ಷಣ ಇದ್ದದ್ದು ತೊಟ್ಟಿನ ಚರ್ಮದಲ್ಲಿ. ಮ್ಯಾಮೊಗ್ರಾಮ್ ಶುದ್ಧವಾಗಿ ಬಂದರೂ ಪ್ಯಾಜೆಟ್ ಕಾಯಿಲೆ ಇರಬಹುದು ಎಂದು ಹೇಳುವವರು ಆಗ ನನ್ನ ಬಳಿ ಯಾರೂ ಇರಲಿಲ್ಲ.

ಯುಗಾದಿಯ ಹಿಂದಿನ ದಿನ ಎಣ್ಣೆಸ್ನಾನ ಮಾಡುವಾಗ ಹೊಪ್ಪಳೆಯ ಜೊತೆಗೆ ರಕ್ತ ಬಂತು. ಆಗ ಮಾತ್ರ ಹೆದರಿದೆ. ಹಬ್ಬ ಮುಗಿದ ಮೇಲೆ ತುಮಕೂರಿನ ಒಬ್ಬ ಚರ್ಮರೋಗ ತಜ್ಞರಲ್ಲಿಗೆ ನಮ್ಮ ಯಜಮಾನರೇ ಕರೆದುಕೊಂಡು ಹೋದರು. ಆ ಜಾಗವನ್ನು ಬೆಳಕು ಹಾಕಿ ಕಣ್ಣಾರೆ ನೋಡಿದ ಮೊದಲ ವೈದ್ಯರು ಅವರೇ. ಇಸುಬು ಇರಬೇಕು, ಅನುಮಾನ ಬೇಡ, ಒಂದು ಬಯಾಪ್ಸಿ ಮಾಡೋಣ ಎಂದರು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಪೆನ್ನಿನ ಮುಚ್ಚಳದಂತಹ ದುಂಡನೆಯ ಸಣ್ಣ ಅಲಗಿನಿಂದ ಚರ್ಮದ ತುಣುಕೊಂದನ್ನು ತೆಗೆದರು. ಅದನ್ನು ತೆಗೆದದ್ದು ತೊಟ್ಟಿನಿಂದಲ್ಲ, ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿನಿಂದ. ಅಲ್ಲಿ ಹೊಪ್ಪಳೆ ಚೆನ್ನಾಗಿ ಕಾಣುತ್ತಿತ್ತು, ತೊಟ್ಟಿಗೆ ಕೈ ಹಾಕಿದರೆ ನೋವು ಹೆಚ್ಚು ಎಂದು ಅವರಿಗೂ ಕರುಣೆ. 2,200 ರೂಪಾಯಿ ಆಯಿತು. ಹತ್ತು ದಿನಕ್ಕೆ ವರದಿ ಬಂತು: ಇಸುಬಿಗೆ ಹೊಂದುವ ಉರಿಯೂತ. ಕ್ಯಾನ್ಸರ್ ಎಂಬ ಮಾತೇ ಅದರಲ್ಲಿ ಇರಲಿಲ್ಲ.

ಬಯಾಪ್ಸಿಯ ವರದಿಗಿಂತ ದೊಡ್ಡ ಪ್ರಮಾಣ ಇನ್ನೇನಿದೆ ಎಂದು ನಾವು ನಿಶ್ಚಿಂತರಾದೆವು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಿ ದಿನವಿಡೀ ಕುಳಿತು ಉತ್ತರಪತ್ರಿಕೆ ನೋಡಿದೆ. ಸಂಜೆ ಮನೆಗೆ ಬಂದು ರವಿಕೆ ಬಿಚ್ಚುವಾಗ ಬಟ್ಟೆ ತೊಟ್ಟಿಗೆ ಅಂಟಿಕೊಂಡಿರುತ್ತಿತ್ತು, ಬೆಚ್ಚನೆಯ ನೀರು ಹಾಕಿ ನೆನೆಸಿ ಬಿಡಿಸಿಕೊಳ್ಳುತ್ತಿದ್ದೆ. ಇಸುಬಲ್ಲವೇ, ನಿಧಾನಕ್ಕೆ ಹೋಗುತ್ತದೆ ಎಂದುಕೊಂಡು ಮತ್ತೆ ಎರಡು ತಿಂಗಳು ಮುಲಾಮು ಹಚ್ಚಿದೆ.

ಮೇ ಕೊನೆಯಲ್ಲಿ ಬೆಂಗಳೂರಿನಿಂದ ರಜೆಗೆ ಬಂದಿದ್ದ ಮಗಳು ಬಟ್ಟೆ ಒಗೆಯಲು ಹಾಕುವಾಗ ನನ್ನ ಒಳ ಉಡುಪಿನ ಒಂದೇ ಕಡೆ, ಒಂದೇ ಜಾಗದಲ್ಲಿ ಕಂದುಗಟ್ಟಿದ್ದನ್ನು ನೋಡಿದಳು. "ಅಮ್ಮ, ಇದೇನು?" ಎಂದು ಕೇಳಿದಳು. ಅವಳಿಗೆ ತೋರಿಸಿದೆ. ಬಲಗಡೆಯ ತೊಟ್ಟಿಗೆ ಹೋಲಿಸಿದರೆ ಎಡಗಡೆಯದು ಚಪ್ಪಟೆಯಾಗಿ, ಅರ್ಧ ಕರಗಿಹೋದಂತೆ ಆಗಿತ್ತು. ಪ್ರತಿದಿನ ನೋಡುತ್ತಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ. ಮಗಳು ಹೆಚ್ಚು ಮಾತಾಡಲಿಲ್ಲ. ಆ ರಾತ್ರಿಯೇ ಬೆಂಗಳೂರಿನ ಇನ್ನೊಬ್ಬ ಚರ್ಮರೋಗ ತಜ್ಞೆಯ ಸಮಯ ಗೊತ್ತು ಮಾಡಿದಳು. ಬೆಳಗಿನ ರೈಲು ಹಿಡಿದು ಯಶವಂತಪುರದಲ್ಲಿ ಇಳಿದೆವು.

ಆ ವೈದ್ಯೆ ನನ್ನನ್ನು ಮುಟ್ಟುವ ಮೊದಲೇ ಮೂರು ಪ್ರಶ್ನೆ ಕೇಳಿದರು. ಒಂದೇ ಕಡೆ ಇದೆಯೇ, ಎರಡೂ ಕಡೆ ಇದೆಯೇ? ತೊಟ್ಟಿನಲ್ಲಿ ಹುಟ್ಟಿ ಸುತ್ತಲೂ ಹರಡಿತೇ, ಸುತ್ತಲಿನ ಕಪ್ಪು ಭಾಗದಲ್ಲಿ ಹುಟ್ಟಿ ತೊಟ್ಟಿನ ಕಡೆ ಬಂತೇ? ಮುಲಾಮು ಬಿಟ್ಟ ಮೇಲೆ ಒಂದು ಸಲವಾದರೂ ಪೂರ್ತಿ ವಾಸಿಯಾಗಿ ಉಳಿಯಿತೇ? ಇಸುಬು ಸಾಮಾನ್ಯವಾಗಿ ಎರಡೂ ಕಡೆ ಬರುತ್ತದೆ, ಸುತ್ತಲಿನ ಚರ್ಮದಲ್ಲಿ ಶುರುವಾಗುತ್ತದೆ, ತೊಟ್ಟನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ. ಪ್ಯಾಜೆಟ್ ಕಾಯಿಲೆ ಸಾಮಾನ್ಯವಾಗಿ ಒಂದೇ ಕಡೆ, ತೊಟ್ಟಿನಿಂದ ಹೊರಟು ಹೊರಗೆ ಹರಡುತ್ತದೆ. ನನ್ನ ಮೂರು ಉತ್ತರಗಳೂ ಒಂದೇ ಕಡೆಗೆ ಬೆರಳು ತೋರಿದವು. ಹಳೆಯ ಬಯಾಪ್ಸಿ ವರದಿಯನ್ನು ಕೊಟ್ಟಾಗ ಅವರು ಫಲಿತಾಂಶಕ್ಕಿಂತ ಮೊದಲು, ತುಣುಕನ್ನು ಎಲ್ಲಿಂದ ತೆಗೆದದ್ದು ಎಂಬ ಸಾಲನ್ನು ಹುಡುಕಿದರು. ತೊಟ್ಟಿನಿಂದಲೇ ಇನ್ನೊಂದು ತೆಗೆಯಬೇಕು ಎಂದರು.

ಆ ಬಯಾಪ್ಸಿಯ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಮರಗಟ್ಟಿಸುವ ಸೂಜಿ ತೊಟ್ಟಿನ ಬುಡಕ್ಕೆ ಹೋಗುವಾಗ ಸುಮಾರು ಹತ್ತು ಸೆಕೆಂಡು ಕಣ್ಣು ಕತ್ತಲೆ ಬರುವಷ್ಟು ಉರಿಯುತ್ತದೆ. ಆಮೇಲೆ ಏನೂ ತಿಳಿಯುವುದಿಲ್ಲ. ನಾಲ್ಕು ಮಿಲಿಮೀಟರ್ ಅಗಲದ ತುಣುಕು, ಒಂದು ಹೊಲಿಗೆ, ಎರಡು ದಿನ ಸಣ್ಣ ನೋವು. ತುಣುಕನ್ನು ಫಾರ್ಮಲಿನ್ ದ್ರಾವಣದ ಪುಟ್ಟ ಸೀಸೆಗೆ ಹಾಕಿದಾಗ, ಅದರ ಮೇಲೆ ನಿಮ್ಮ ಹೆಸರು, ವಯಸ್ಸು ಮತ್ತು ಎಡಗಡೆಯ ಮೊಲೆತೊಟ್ಟು ಎಂಬುದು ಸ್ಪಷ್ಟವಾಗಿ ಇದೆಯೇ ಎಂದು ನೀವೇ ಓದಿ ನೋಡಿ. ಹೆಸರು ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ಇರಲಿ. ಈ ಮಾತು ಏಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಎಂಟನೆಯ ದಿನ ಒಂಬತ್ತನೆಯ ತರಗತಿಯಲ್ಲಿ ಸಂಧಿ ಪಾಠ ಮಾಡುತ್ತಿದ್ದಾಗ ಮೊಬೈಲಿಗೆ ವರದಿ ಬಂತು. ಗಂಟೆ ಹೊಡೆಯುವವರೆಗೂ ತೆರೆಯಲಿಲ್ಲ. ಸ್ಟಾಫ್ ರೂಮಿನ ಕಿಟಕಿಯ ಬಳಿ ನಿಂತು ಓದಿದೆ. ಮೇಲ್ಚರ್ಮದಲ್ಲಿ ದೊಡ್ಡದಾದ, ತಿಳಿಬಣ್ಣದ ಕೋಶಗಳು ಗುಂಪುಗುಂಪಾಗಿ ಇವೆ, ಪ್ಯಾಜೆಟ್ ಕಾಯಿಲೆಯ ಅನುಮಾನ, ಖಚಿತಪಡಿಸಲು ಇಮ್ಯುನೊಹಿಸ್ಟೊಕೆಮಿಸ್ಟ್ರಿ ಬೇಕು ಎಂದಿತ್ತು. ಅನುಮಾನ ಎಂಬ ಆ ಪದಕ್ಕೆ ಜೋತುಬಿದ್ದು ಇನ್ನೊಂದು ವಾರ ಕಳೆದೆ. ಐಎಚ್‌ಸಿ ಎಂದು ಎಲ್ಲರೂ ಕರೆಯುವ ಈ ಪರೀಕ್ಷೆ ಅದೇ ತುಣುಕಿನ ಮೇಲೆ ನಡೆಯುತ್ತದೆ, ಹೊಸದಾಗಿ ಕೊಯ್ಯುವುದಿಲ್ಲ. ಚರ್ಮದ ಬೇರೆ ಕೆಲವು ಕ್ಯಾನ್ಸರುಗಳೂ ಸೂಕ್ಷ್ಮದರ್ಶಕದಲ್ಲಿ ಹೀಗೇ ಕಾಣಬಹುದಾದ್ದರಿಂದ, ಕೋಶಗಳಿಗೆ ಬಣ್ಣ ಹಿಡಿಸಿ ಯಾವುದೆಂದು ಬೇರ್ಪಡಿಸುತ್ತಾರೆ. ನನ್ನ ಕೋಶಗಳು ಸಿಕೆ7 ಎಂಬ ಪ್ರೋಟೀನಿಗೂ ಹರ್2 ಎಂಬ ಪ್ರೋಟೀನಿಗೂ ಬಣ್ಣ ಹಿಡಿದವು. ಹರ್2 3+ ಎಂದು, ಅಂದರೆ ಬಹಳ ಹೆಚ್ಚೆಂದು ಬಂತು. ಅನುಮಾನ ಎಂಬ ಪದ ಎರಡನೆಯ ವರದಿಯಲ್ಲಿ ಇರಲಿಲ್ಲ.

ಈ ಕಾಯಿಲೆಗೆ ಹೆಸರು ಬಂದದ್ದು ಲಂಡನ್ನಿನ ಶಸ್ತ್ರವೈದ್ಯ ಸರ್ ಜೇಮ್ಸ್ ಪ್ಯಾಜೆಟ್ ಅವರಿಂದ. ತೊಟ್ಟಿನ ಮೇಲೆ ಇಸುಬಿನಂತಹ ಹುಣ್ಣು ವಾಸಿಯಾಗದೆ ಉಳಿದ 15 ಹೆಂಗಸರಲ್ಲಿ, ಹೆಚ್ಚೆಂದರೆ ಎರಡು ವರ್ಷದೊಳಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡದ್ದನ್ನು ಅವರು 1874ರಲ್ಲಿ ಬರೆದರು. ಒಟ್ಟು ಸ್ತನ ಕ್ಯಾನ್ಸರುಗಳಲ್ಲಿ ಇದು ಶೇಕಡ 1ರಿಂದ 4ರಷ್ಟು. ಅಪರೂಪಕ್ಕೆ ಗಂಡಸರಿಗೂ ಬರುತ್ತದೆ. ತೊಟ್ಟಿನ ಚರ್ಮದಲ್ಲಿ ಈ ಕೋಶಗಳು ಕಂಡವರಲ್ಲಿ ಬಹುಪಾಲು ಮಂದಿಗೆ ಸ್ತನದ ಒಳಗೂ, ಹಾಲಿನ ನಾಳಗಳಲ್ಲಿ ಅಥವಾ ಅದರಾಚೆ, ಕ್ಯಾನ್ಸರ್ ಇರುತ್ತದೆ. ಆದರೆ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೈಗೆ ಸಿಗುವ ಗಂಟು ಇರುವುದಿಲ್ಲ. ಇದನ್ನು ಓದಿದ ರಾತ್ರಿ ನನಗೆ ಅಳು ಬಂದದ್ದು ಕಾಯಿಲೆಗಾಗಿ ಅಲ್ಲ. ನೂರೈವತ್ತು ವರ್ಷದಿಂದ ಗೊತ್ತಿರುವ ಒಂದು ಸಂಗತಿ, ಪಾಠ ಹೇಳಿಕೊಂಡು ಬದುಕುವ ನನ್ನವರೆಗೆ ಬಂದು ತಲುಪಿರಲಿಲ್ಲ ಎಂಬುದಕ್ಕೆ.

ಚರ್ಮದ ವೈದ್ಯರ ಕೆಲಸ ಅಲ್ಲಿಗೆ ಮುಗಿಯಿತು. ಸ್ತನದ ಒಳಗೆ ಏನಿದೆ ಎಂಬುದನ್ನು ಹುಡುಕುವ ಎರಡನೆಯ ಭಾಗ ಶುರುವಾಯಿತು. ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸ್ತನ ಶಸ್ತ್ರಚಿಕಿತ್ಸಕರನ್ನು ಕಂಡಾಗ, ಹಳೆಯ ಮ್ಯಾಮೊಗ್ರಾಮ್ ಫಿಲ್ಮುಗಳ ಮೇಲೆ ಮಾತ್ರ ನೆಚ್ಚಿಕೊಳ್ಳಲಾಗದು, ಡಿಜಿಟಲ್ ಯಂತ್ರದಲ್ಲಿ ತೊಟ್ಟಿನ ಹಿಂಭಾಗವನ್ನು ದೊಡ್ಡದು ಮಾಡಿ ಮತ್ತೆ ತೆಗೆಯಬೇಕು ಎಂದರು. ಪ್ರಯಾಣದ ಸೆಕೆ ಎಂದು ನಾನು ಕಂಕುಳಿಗೂ ಎದೆಗೂ ಪೌಡರ್ ಹಾಕಿಕೊಂಡು ಹೋಗಿದ್ದೆ. ಚಿತ್ರ ತೆಗೆಯುವ ಹುಡುಗಿ ಮೊದಲ ಚಿತ್ರ ನೋಡಿ, ಪೌಡರ್ ಹಚ್ಚಿದ್ದೀರಾ ಅಮ್ಮ ಎಂದು ಕೇಳಿದಳು. ಪೌಡರಿನ ಕಣಗಳು ಚಿತ್ರದಲ್ಲಿ ಸುಣ್ಣದ ಕಣಗಳಂತೆಯೇ ಕಾಣುತ್ತವೆಯಂತೆ, ಅವರು ಹುಡುಕುತ್ತಿದ್ದದ್ದೂ ಕ್ಯಾನ್ಸರಿನ ಗುರುತಾಗಬಹುದಾದ ಅಂತಹ ಕಣಗಳನ್ನೇ. ತೊಳೆದುಕೊಂಡು ಬಂದು ಎಲ್ಲವನ್ನೂ ಮತ್ತೆ ತೆಗೆಸಿಕೊಳ್ಳಬೇಕಾಯಿತು. ಮ್ಯಾಮೊಗ್ರಾಮ್‌ಗೆ ಹೋಗುವ ದಿನ ಪೌಡರ್, ಸೆಂಟು, ಮುಲಾಮು ಯಾವುದೂ ಬೇಡ. ಹಳೆಯ ಫಿಲ್ಮು ಮತ್ತು ವರದಿಯನ್ನು ಮರೆಯದೆ ಒಯ್ಯಿರಿ.

ಈ ಸಲ ತೊಟ್ಟಿನ ಹಿಂದೆ, ಒಂದು ಗೆರೆಯ ಮೇಲೆ ಚೆಲ್ಲಿದ ರವೆಯಂತೆ ಸಣ್ಣ ಸುಣ್ಣದ ಕಣಗಳು ಕಂಡವು. ಬೈ-ರಾಡ್ಸ್ 4. ಅಲ್ಟ್ರಾಸೌಂಡಿನಲ್ಲಿ ಏನೂ ಕಾಣಲಿಲ್ಲ. ಅದು ಎಷ್ಟು ದೂರ ಹರಡಿದೆ ಎಂದು ತಿಳಿಯಲು ಎಂಆರ್‌ಐ ಮಾಡಬೇಕೆಂದರು. ಅದಕ್ಕೆ ಮೊದಲು ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ, ಏಕೆಂದರೆ ರಕ್ತನಾಳಕ್ಕೆ ಕೊಡುವ ಔಷಧಿಯನ್ನು ಮೂತ್ರಪಿಂಡ ಹೊರಹಾಕಬೇಕು. ಲೋಹದ ವಸ್ತು ಒಂದೂ ಇರಬಾರದು. ತಾಳಿ, ಬಳೆ, ಕಾಲುಂಗುರ ತೆಗೆದು ಮಗಳ ಕೈಗೆ ಕೊಟ್ಟೆ. ಮೂಗುಬೊಟ್ಟು ಮಾತ್ರ ಬರಲಿಲ್ಲ. ಮದುವೆಯ ಹಿಂದಿನ ದಿನ ಅಕ್ಕಸಾಲಿಗರು ತಿರುಗಿಸಿ ಬಿಗಿ ಮಾಡಿದ್ದು, ಇಪ್ಪತ್ತೇಳು ವರ್ಷ ತೆಗೆದಿರಲಿಲ್ಲ. ನರ್ಸು, ನಾನು, ಮಗಳು ಮೂವರೂ ಸೋತೆವು. ಆ ದಿನದ ಸರದಿ ತಪ್ಪಿತು, ಮುಂದಿನದು ಆರು ದಿನದ ನಂತರ ಸಿಕ್ಕಿತು. ತಿಪಟೂರಿಗೆ ಬಂದು ಅಕ್ಕಸಾಲಿಗರ ಅಂಗಡಿಯಲ್ಲಿ ಕತ್ತರಿಸಿ ತೆಗೆಸಿದಾಗ ಕನ್ನಡಿಯಲ್ಲಿ ನನ್ನ ಮುಖ ನನಗೇ ಪರಿಚಯ ಸಿಗಲಿಲ್ಲ. ಅಷ್ಟು ದಿನ ಏನೂ ಕೇಳದಿದ್ದ ನಮ್ಮ ಅತ್ತೆ ಅಂದು ಸಂಜೆ ಹತ್ತಿರ ಕೂರಿಸಿಕೊಂಡು, "ಏನಾಗಿದೆಯವ್ವ ನಿನಗೆ?" ಎಂದು ಕೇಳಿದರು. ಅವರಿಗೆ ನಾನು ಆ ಪದವನ್ನೇ ಬಳಸಿ ಹೇಳಿದೆ. ಎಂಬತ್ತು ದಾಟಿದ ಅವರು ಒಂದಿಷ್ಟೂ ಅಳುಕಲಿಲ್ಲ; ತಮ್ಮ ಚಿಕ್ಕಮ್ಮನಿಗೂ ಹೀಗೇ ತೊಟ್ಟು ಹುಣ್ಣಾಗಿ ಎರಡು ವರ್ಷದಲ್ಲಿ ತೀರಿಕೊಂಡರೆಂದು, ಹುಳುಕಡ್ಡಿ ಎಂದು ಸೊಪ್ಪು ಅರೆದು ಹಚ್ಚುತ್ತಿದ್ದರೆಂದು ಹೇಳಿದರು.

ಎಂಆರ್‌ಐ ಯಂತ್ರದಲ್ಲಿ ಬೋರಲು ಮಲಗಬೇಕು, ಸ್ತನಗಳು ಕೆಳಗಿನ ಎರಡು ಬಿಲಗಳಲ್ಲಿ ಇಳಿಯುತ್ತವೆ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಕದಲಬಾರದು. ಶಬ್ದ ದೊಡ್ಡದು, ಕಿವಿಗೆ ಹತ್ತಿ ಕೊಡುತ್ತಾರೆ. ಕುತ್ತಿಗೆ ನೋವಿರುವವರು ಮೊದಲೇ ಹೇಳಿದರೆ ದಿಂಬು ಸರಿಪಡಿಸುತ್ತಾರೆ. ನನ್ನ ವರದಿಯಲ್ಲಿ ತೊಟ್ಟಿನಿಂದ ಹಿಂದಕ್ಕೆ ಐದು ಸೆಂಟಿಮೀಟರಿನಷ್ಟು ಉದ್ದಕ್ಕೆ ನಾಳಗಳ ಜಾಡಿನಲ್ಲಿ ಬದಲಾವಣೆ ಇತ್ತು, ಬಲಗಡೆ ಏನೂ ಇರಲಿಲ್ಲ. ಅಲ್ಟ್ರಾಸೌಂಡಿಗೆ ಕಾಣದ ಕಾರಣ, ಮ್ಯಾಮೊಗ್ರಾಮ್ ಯಂತ್ರವೇ ಗುರಿ ತೋರಿಸುವ, ಹೀರುವ ದಪ್ಪ ಸೂಜಿಯಿಂದ ಅಂಗಾಂಶದ ತುಂಡು ತೆಗೆಯುವ ವ್ಯಾಕ್ಯೂಮ್ ಬಯಾಪ್ಸಿ ಮಾಡಿದರು. ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಖರ್ಚಾದದ್ದು ಇದಕ್ಕೇ, 28,000 ರೂಪಾಯಿ. ಬರೀ ಸೂಜಿಯಿಂದ ಕೋಶ ಹೀರಿ ನೋಡಿದರೆ ಸಾಲದೇ ಎಂದು ಯಜಮಾನರು ಕೇಳಿದರು. ಹಾಗೆ ಹೀರಿದ ಬಿಡಿ ಕೋಶಗಳಿಂದ, ಕ್ಯಾನ್ಸರ್ ನಾಳದ ಒಳಗೇ ಇದೆಯೋ ಗೋಡೆ ದಾಟಿದೆಯೋ ಎಂಬುದನ್ನು ಹೇಳಲಾಗದು, ಅದಕ್ಕೆ ಅಂಗಾಂಶದ ತುಂಡೇ ಬೇಕು ಎಂದು ವೈದ್ಯರು ತಾಳ್ಮೆಯಿಂದ ಬಿಡಿಸಿ ಹೇಳಿದರು.

ಇಷ್ಟರ ನಡುವೆ ಕಾಗದಗಳ ಕೆಲಸ. ಆಸ್ಪತ್ರೆಯಲ್ಲಿ ತುಣುಕುಗಳನ್ನು ಪರೀಕ್ಷಿಸುವ ಪೆಥಾಲಜಿ ವಿಭಾಗದವರು ಹಿಂದಿನ ಎರಡೂ ಬಯಾಪ್ಸಿಗಳ ಗಾಜಿನ ಸ್ಲೈಡು ಮತ್ತು ಬ್ಲಾಕುಗಳನ್ನು ತಾವೇ ನೋಡಬೇಕೆಂದರು. ಬ್ಲಾಕ್ ಎಂದರೆ ನಿಮ್ಮ ತುಣುಕನ್ನು ಹುದುಗಿಸಿಟ್ಟ ಮೇಣದ ಸಣ್ಣ ಬಿಲ್ಲೆ. ಮುಂದಿನ ಯಾವ ಪರೀಕ್ಷೆಗೂ ಅದೇ ಆಧಾರ. ಎರಡನೆಯದು ಎರಡು ದಿನದಲ್ಲಿ ಸಿಕ್ಕಿತು. ಮೊದಲನೆಯ ಬಯಾಪ್ಸಿಯ ಚೀಟಿಯಲ್ಲಿ ನನ್ನ ಹೆಸರಿನ ಬದಲು ಯಜಮಾನರ ಹೆಸರಿನ ಮುಂದೆ ಮಿಸೆಸ್ ಎಂದು ಸೇರಿಸಿ ಬರೆದಿದ್ದರು. ಆಧಾರ್ ತೋರಿಸಿದರೆ ಹೆಸರು ಬೇರೆ, ಕೊಡಲಾಗದು ಎಂದರು ಪ್ರಯೋಗಾಲಯದವರು. ತುಣುಕು ತೆಗೆದ ವೈದ್ಯರಿಂದ ಇವರೇ ಅವರು ಎಂಬ ಪತ್ರ, ಹಣ ಕಟ್ಟಿದ ರಸೀದಿ, ವರದಿಯ ಮೇಲಿನ ಕ್ರಮಸಂಖ್ಯೆ ಮೂರನ್ನೂ ಒದಗಿಸಿ ಬ್ಲಾಕನ್ನು ಕೈಗೆ ಪಡೆಯಲು ಒಂಬತ್ತು ದಿನ ಹಿಡಿಯಿತು. ಅದನ್ನು ನೋಡಿದ ಪೆಥಾಲಜಿಸ್ಟ್ ಹೇಳಿದ್ದು ನನ್ನ ಮನಸ್ಸಿನ ಒಂದು ಕಹಿಯನ್ನು ತೊಳೆಯಿತು: ಆ ವರದಿ ಸುಳ್ಳಲ್ಲ, ಆ ತುಣುಕಿನಲ್ಲಿ ಇದ್ದದ್ದು ಉರಿಯೂತವೇ, ತೊಟ್ಟಿನ ಚರ್ಮ ಅದರಲ್ಲಿ ಬಂದೇ ಇರಲಿಲ್ಲ.

ಹಣದ ವಿಷಯ. ನಮ್ಮದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಇದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನಾವು ಅದನ್ನು ಪಡೆದದ್ದು ಶಸ್ತ್ರಚಿಕಿತ್ಸೆಯ ಹೊತ್ತಿಗೆ. ಅಲ್ಲಿಯವರೆಗಿನ ಪರೀಕ್ಷೆಗಳನ್ನೆಲ್ಲ ಕೈಯಿಂದಲೇ ಕೊಟ್ಟಿದ್ದೆವು. ಮೂರು ಟ್ಯೂಬಿನಿಂದ ಹಿಡಿದು ಕೊನೆಯ ಐಎಚ್‌ಸಿಯವರೆಗೆ, ವೈದ್ಯರ ಶುಲ್ಕ ಮತ್ತು ಓಡಾಟ ಸೇರಿ, ಕಾಯಿಲೆ ಏನೆಂದು ತಿಳಿಯಲಿಕ್ಕೇ ಸುಮಾರು 75,000 ರೂಪಾಯಿ ಖರ್ಚಾಯಿತು. ಎರಡು ಕೊಯ್ಲಿನ ಕೊಬ್ಬರಿಯ ಹಣ ಅದಕ್ಕೆ ಹೋಯಿತು. ಬಿಪಿಎಲ್ ಕಾರ್ಡು ಇರುವವರು ಮೊದಲ ಅನುಮಾನದ ದಿನವೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಬರೆಸಿಕೊಳ್ಳುವುದು ಒಳ್ಳೆಯದು. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ರಾಜ್ಯದ ಎಲ್ಲ ಜಿಲ್ಲೆಗಳಿಂದಲೂ ಜನ ಬರುತ್ತಾರೆ, ಕಲಬುರಗಿಯಲ್ಲೂ ಅದರ ಕೇಂದ್ರವಿದೆ. ಆಧಾರ್, ರೇಷನ್ ಕಾರ್ಡು, ರೆಫರಲ್ ಪತ್ರ, ಎಲ್ಲ ವರದಿಗಳ ಮೂರು ಮೂರು ಜೆರಾಕ್ಸ್ ಪ್ರತಿ ಒಂದೇ ಫೈಲಿನಲ್ಲಿ ಇರಲಿ. ರೇಷನ್ ಕಾರ್ಡಿನಲ್ಲಿ ಮತ್ತು ಆಧಾರ್‌ನಲ್ಲಿ ಇನಿಷಿಯಲ್ ಬೇರೆಯಾಗಿದ್ದರೆ ಆರೋಗ್ಯವಾಗಿರುವಾಗಲೇ ಸರಿಪಡಿಸಿಕೊಳ್ಳಿ.

ವ್ಯಾಕ್ಯೂಮ್ ಬಯಾಪ್ಸಿಯ ವರದಿಗೆ ಹನ್ನೊಂದು ದಿನ. ಆ ಹನ್ನೊಂದು ದಿನಗಳ ಬಗ್ಗೆ ಬರೆಯಲು ನನ್ನಲ್ಲಿ ಪದಗಳು ಕಡಿಮೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಪಕ್ಕದಲ್ಲಿ ಯಜಮಾನರೂ ಎಚ್ಚರವಾಗಿಯೇ ಇರುತ್ತಿದ್ದರು; ಇಬ್ಬರೂ ಮಾತಾಡುತ್ತಿರಲಿಲ್ಲ. ಹಗಲು ಶಾಲೆಗೆ ಹೋಗುವುದೇ ನನಗೆ ಮದ್ದಾಯಿತು. ವರದಿ ಬಂತು: ಹಾಲಿನ ನಾಳಗಳೊಳಗೆ ಉಗ್ರ ದರ್ಜೆಯ ಕ್ಯಾನ್ಸರ್, ಒಂದು ಕಡೆ ಗೋಡೆ ದಾಟಿದ ಸಣ್ಣ ಭಾಗ, ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕಗಳು ಕೋಶಗಳಲ್ಲಿ ಇಲ್ಲ, ಹರ್2 3+. ಹರ್2 2+ ಎಂದು, ಅಂದರೆ ಹೌದು ಅಲ್ಲ ಎಂದು ಖಚಿತವಾಗಿ ಹೇಳಲಾಗದಂತೆ ಬಂದವರು ಫಿಶ್ ಎಂಬ ಇನ್ನೊಂದು ಪರೀಕ್ಷೆಗೆ ಮತ್ತೆ ಕಾಯಬೇಕಾಗುತ್ತದೆ. ನನಗೆ ಅದು ಬೇಕಾಗಲಿಲ್ಲ. ಇಡೀ ದೇಹದಲ್ಲಿ ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನ್ ಏಕೆ ಮಾಡಿಸಿಲ್ಲ ಎಂದು ನೆಂಟರೆಲ್ಲ ಕೇಳಿದರು. ಕಂಕುಳಿನಲ್ಲಿ ಏನೂ ಇಲ್ಲದ, ಇಷ್ಟು ಸಣ್ಣ ಹಂತದಲ್ಲಿ ಅದರಿಂದ ಪ್ರಯೋಜನ ಕಡಿಮೆ ಎಂದು ವೈದ್ಯರು ಕಾರಣ ಕೊಟ್ಟಿದ್ದರು, ನಾನು ಅದನ್ನು ಒಪ್ಪಿದೆ.

ತೊಟ್ಟು ಮತ್ತು ಅದರ ಹಿಂದಿನ ಭಾಗವನ್ನಷ್ಟೇ ತೆಗೆದು ವಿಕಿರಣ ಕೊಡುವ ದಾರಿ ಕೆಲವರಿಗೆ ಇದೆ. ನನ್ನದು ಐದು ಸೆಂಟಿಮೀಟರ್ ಹರಡಿದ್ದರಿಂದ ಇಡೀ ಸ್ತನವನ್ನು ತೆಗೆಯುವುದೇ ಸರಿ ಎಂದಾಯಿತು. ಜುಲೈ ಕೊನೆಯ ವಾರದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಕ್ಯಾನ್ಸರ್ ಅಲ್ಲಿಗೆ ಹರಡಿದೆಯೇ ಎಂದು ನೋಡಲು, ನೀಲಿ ದ್ರಾವಣ ಚುಚ್ಚಿ ಕಂಕುಳಿನ ಮೊದಲ ಮೂರು ಗ್ರಂಥಿಗಳನ್ನು ಗುರುತಿಸಿ ತೆಗೆದರು. ಎರಡು ದಿನ ಮೂತ್ರ ಹಸಿರು ನೀಲಿಯಾಗಿ ಹೋಗುತ್ತದೆ, ಹೆದರಬೇಡಿ. ಅಂತಿಮ ವರದಿಯಲ್ಲಿ ಗೋಡೆ ದಾಟಿದ ಭಾಗ 6 ಮಿಲಿಮೀಟರ್, ಮೂರು ಗ್ರಂಥಿಗಳೂ ಶುದ್ಧ. ಆ ಸಾಲನ್ನು ಮಗಳು ಜೋರಾಗಿ ಓದಿದಾಗ ಯಜಮಾನರು ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತುಬಿಟ್ಟರು.

ಹನ್ನೆರಡು ವಾರದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ, ಅದರ ಜೊತೆಗೆ ಶುರುವಾಗಿ ಒಂದು ವರ್ಷ ನಡೆಯುವ, ಹರ್2ಗೆ ಗುರಿಯಿಟ್ಟ ಟ್ರಾಸ್ಟುಝುಮ್ಯಾಬ್, ಮೂರು ತಿಂಗಳಿಗೊಮ್ಮೆ ಹೃದಯದ ಎಕೋ ಪರೀಕ್ಷೆ ಎಂದು ಬರೆದುಕೊಟ್ಟಿದ್ದಾರೆ. ಮೂರನೆಯ ವಾರ ಮುಗಿದಿದೆ, ನಾಲ್ಕನೆಯದು ಬರುವ ಸೋಮವಾರ. ಎಲ್ಲ ಬ್ಲಾಕುಗಳನ್ನೂ ಆಸ್ಪತ್ರೆಯಿಂದ ಬರೆದುಕೊಟ್ಟು ಹಿಂಪಡೆದಿದ್ದೇನೆ. ಬಿಸಿಲು ತಾಗದ ಜಾಗದಲ್ಲಿ ಇಡಬೇಕೆಂದು ಹೇಳಿದ್ದರಿಂದ, ಪ್ರತಿಯೊಂದರ ಮೇಲೂ ನನ್ನ ಪೂರ್ಣ ಹೆಸರು ಮತ್ತು ಎಡಗಡೆಯ ಮೊಲೆತೊಟ್ಟು ಎಂದು ನಾನೇ ಚೀಟಿ ಬರೆದು ಅಂಟಿಸಿ, ಬೀರುವಿನ ಒಳಗಿನ ಖಾನೆಯಲ್ಲಿ, ಕತ್ತರಿಸಿದ ಮೂಗುಬೊಟ್ಟಿನ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದೇನೆ.